ಹೊಳೆ ಇಳಿದ ಮೇಲೆ ಬರೆದ ಪಟ್ಟಿಗಳು

ನಮ್ಮ ಕಡೆ ಗ್ರಾಮ ಲೆಕ್ಕಾಧಿಕಾರಿಯನ್ನು ಇವತ್ತಿಗೂ ತಲಾಟಿ ಎಂದೇ ಕರೆಯುತ್ತಾರೆ. ಮುಂಬಯಿ ಸರ್ಕಾರದ ಕಾಲ ಮುಗಿದು ತಲೆಮಾರುಗಳೇ ಕಳೆದವು, ಹುದ್ದೆಯ ಹೆಸರೂ ಗ್ರಾಮ ಆಡಳಿತ ಅಧಿಕಾರಿ ಎಂದು ಬದಲಾಯಿತು. ಜನರ ಬಾಯಲ್ಲಿ ಉಳಿದದ್ದು ತಲಾಟಿಯೇ. ಮಲಪ್ರಭೆಯ ದಂಡೆಯ ಊರುಗಳಲ್ಲಿ ತಲಾಟಿಯಾಗಿ ದುಡಿದು, ಕೊನೆಗೆ ಕಂದಾಯ ನಿರೀಕ್ಷಕನಾಗಿ ನಿವೃತ್ತನಾದೆ. 2009ರ ಹೊಳೆ, 2019ರ ಹೊಳೆ, 2021ರ ಅಕಾಲಿಕ ಮಳೆ, 2023ರ ಬರ, ಈ ನಾಲ್ಕರಲ್ಲೂ ಬೆಳೆಹಾನಿ ಪಟ್ಟಿ ಬರೆದವರಲ್ಲಿ ನಾನೂ ಒಬ್ಬ. ಎರೆ ಹೊಲದ ಕೆಸರಿನಲ್ಲಿ ಮೊಣಕಾಲತನಕ ಹೂತು ನಿಂತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊಲ ಇರುವವರಿಗೂ ಈಗ ಆ ಕೆಲಸದಲ್ಲಿರುವ ಹುಡುಗ ಹುಡುಗಿಯರಿಗೂ ಇದು ಉಪಯೋಗಕ್ಕೆ ಬಂದೀತು.

1. ಪರಿಹಾರವೆಂದರೆ ಹೋದ ಬೆಳೆಯ ಬೆಲೆಯಲ್ಲ

ಇದನ್ನು ಮೊದಲೇ ಹೇಳಿಬಿಡಬೇಕು. ಹೇಳದೆ ಹೋದರೆ ಜನ ತಿಂಗಳುಗಟ್ಟಲೆ ಆಸೆಯಿಂದ ಕಾಯುತ್ತಾರೆ, ಕೊನೆಗೆ ಖಾತೆಗೆ ಬಂದ ಮೊತ್ತ ನೋಡಿ ಯಾರೋ ನಡುವೆ ತಿಂದರು ಎಂದುಕೊಳ್ಳುತ್ತಾರೆ. ತಿಂದವರೂ ಇರಬಹುದು, ಅದರ ಮಾತು ಮುಂದೆ ಬರುತ್ತದೆ. ಆದರೆ ಮೊತ್ತ ಸಣ್ಣದಾಗಿರಲು ನಿಯಮವೇ ಕಾರಣ.

ಪ್ರಕೃತಿ ವಿಕೋಪ ಪರಿಹಾರ ನಿಧಿಯ ನಿಯಮದಲ್ಲಿ ಬೆಳೆ ಪರಿಹಾರದ ಹೆಸರು ಇನ್‌ಪುಟ್ ಸಬ್ಸಿಡಿ. ಮುಂದಿನ ಬಿತ್ತನೆಗೆ ಬೀಜ ಗೊಬ್ಬರ ತರಲು ಒಂದಿಷ್ಟು ಆಸರೆ ಎಂದು ಅದರ ಅರ್ಥ. 2015ರ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800, ನೀರಾವರಿಗೆ 13,500, ಬಹುವಾರ್ಷಿಕ ಬೆಳೆಗೆ 18,000 ರೂಪಾಯಿ ಇತ್ತು. 2022ರಿಂದ ಅದು 8,500, 17,000, 22,500 ಆಯಿತು. ಅದೂ ಒಬ್ಬ ರೈತನಿಗೆ ಎರಡು ಹೆಕ್ಟೇರಿನ ಮಿತಿಯಲ್ಲಿ, ಅಂದರೆ ಐದು ಎಕರೆಗೆ ತುಸು ಕಡಿಮೆ.

ರೈತನ ಮುಂದೆ ಹೆಕ್ಟೇರಿನ ಲೆಕ್ಕ ಹೇಳಿದರೆ ಅರ್ಥವಾಗುವುದಿಲ್ಲ, ಗುಂಟೆಯಲ್ಲಿ ಹೇಳಬೇಕು. ಹೆಕ್ಟೇರಿಗೆ 8,500 ಎಂದರೆ ಎಕರೆಗೆ ಸುಮಾರು 3,440, ಗುಂಟೆಗೆ 86 ರೂಪಾಯಿ. ಒಂದು ಎಕರೆ ಈರುಳ್ಳಿಗೆ ಬೀಜ, ಗೊಬ್ಬರ, ಕಳೆ ಆಳು, ಔಷಧಿ ಎಂದು ಹತ್ತಾರು ಸಾವಿರ ಸುರಿದವನ ಮುಂದೆ ನಿಂತು ಈ ಅಂಕಿ ಹೇಳುವುದು ಸುಲಭವಲ್ಲ. ಆದರೂ ನಾನು ಹೇಳುತ್ತಿದ್ದೆ. ಬೈಸಿಕೊಳ್ಳುವುದಾದರೆ ಹೊಲದಲ್ಲೇ, ಮೊದಲ ದಿನವೇ ಬೈಸಿಕೊಳ್ಳಬೇಕು.

ರಾಜ್ಯ ಸರ್ಕಾರಗಳು ಇದರ ಮೇಲೆ ತಮ್ಮ ಕೈಯಿಂದ ಸೇರಿಸಿದ್ದೂ ಇದೆ. 2019ರಲ್ಲಿ ಹೆಕ್ಟೇರಿಗೆ 10,000 ಹೆಚ್ಚುವರಿ ಕೊಟ್ಟರು, ಮಳೆಯಾಶ್ರಿತಕ್ಕೆ ಒಟ್ಟು 16,800 ಆಯಿತು. 2021ರಲ್ಲಿ ಅದೇ ಬೆಳೆಗೆ 13,600. 2025ರಲ್ಲಿ 8,500 ಸೇರಿಸಿ 17,000 ಮಾಡಿದರು. 2023ರ ಬರದಲ್ಲಿ ಇಂಥ ಹೆಚ್ಚುವರಿ ಇರಲಿಲ್ಲ. ಹೀಗಾಗಿ ಹೋದ ಸಲದ ಮೊತ್ತ ನೆನಪಿಟ್ಟುಕೊಂಡು ಈ ಸಲವೂ ಅಷ್ಟೇ ಬರುತ್ತದೆ ಎಂದು ಸಾಲ ಮಾಡಬೇಡಿ. ಆ ಹೆಚ್ಚುವರಿ ಆಯಾ ವರ್ಷದ ಸರ್ಕಾರದ ಮನಸ್ಸು, ಹಕ್ಕಲ್ಲ.

2. ದುಡ್ಡು ಹೊಲಕ್ಕೆ ಬರುವುದಿಲ್ಲ, ಉತಾರಕ್ಕೆ ಬರುತ್ತದೆ

ಈ ಬರಹದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಉತಾರ ಎಂದರೆ ನಮ್ಮ ಕಡೆಯ ಮಾತಿನಲ್ಲಿ ಪಹಣಿ. ಹೊಲದಲ್ಲಿ ಯಾರು ದುಡಿದರು, ಯಾರ ಬೆವರು ಸುರಿಯಿತು, ಯಾರ ಬೀಜ ಕೊಳೆಯಿತು ಎಂಬುದು ತಂತ್ರಾಂಶಕ್ಕೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಸರ್ವೆ ನಂಬರು, ಆ ನಂಬರಿಗೆ ಜೋಡಿಸಿದ ರೈತನ ಗುರುತಿನ ಸಂಖ್ಯೆ (ಎಫ್‌ಐಡಿ), ಆ ಸಂಖ್ಯೆಗೆ ಜೋಡಿಸಿದ ಆಧಾರ್, ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ದುಡ್ಡು ಅಲ್ಲಿಗೇ ನಿಲ್ಲುತ್ತದೆ.

2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಬಿಟ್ಟು, ಹೊಳೆ ಊರೊಳಗೆ ಬಂದು, ವಾರದ ಮೇಲೆ ಇಳಿಯಿತು. ನಾನು ಗ್ರಾಮ ಸಹಾಯಕ ವಾಲಿಕಾರನನ್ನು ಕರೆದುಕೊಂಡು ಮನೆಮನೆ ತಿರುಗುತ್ತಿದ್ದೆ. ಒಂದು ಮನೆಯ ಪಡಸಾಲೆಯಲ್ಲಿ ಐವತ್ತೈದರ ಆಸುಪಾಸಿನ ಹೆಣ್ಣುಮಗಳು ಕೌದಿ ಬಿಸಿಲಿಗೆ ಹಾಕುತ್ತಿದ್ದಳು. ನನ್ನನ್ನು ಕಂಡು ಒಳಗಿನಿಂದ ಒಂದು ಬಟ್ಟೆಗಂಟು ತಂದಳು. ಬಿಚ್ಚಿದರೆ ಅದರಲ್ಲಿ ರೇಷನ್ ಕಾರ್ಡು, ಒಂದು ಹಳೆಯ ಕರದ ರಸೀದಿ, ಗಂಡನ ಮರಣ ಪ್ರಮಾಣಪತ್ರ. ನೀರು ನುಗ್ಗಿ ಶಾಯಿ ಹರಡಿಕೊಂಡು ಇಡೀ ಕಾಗದ ನೀಲಿಯಾಗಿತ್ತು. ಗಂಡನ ಹೆಸರಿನ ಮೊದಲ ಎರಡಕ್ಷರ ಮಾತ್ರ ಓದಲು ಬರುತ್ತಿತ್ತು.

ಅವಳ ಹೊಲ ಒಂದು ಎಕರೆ ಇಪ್ಪತ್ತು ಗುಂಟೆ. ಹನ್ನೊಂದು ವರ್ಷದಿಂದ ಅವಳೇ ಬಿತ್ತುತ್ತಿದ್ದಳು. ಉತಾರದಲ್ಲಿದ್ದದ್ದು ಗಂಡನ ಹೆಸರೂ ಅಲ್ಲ, ಮಾವನದು. ಮಾವ ತೀರಿ ಇಪ್ಪತ್ತು ವರ್ಷ ದಾಟಿತ್ತು. ವಾರಸಾ ಮಾಡಿಸಿ ಉತಾರವನ್ನು ವಾರಸುದಾರರ ಹೆಸರಿಗೆ ತಂದಿರಲಿಲ್ಲ. ಮೈದುನರಿಬ್ಬರು ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದರು, ಅವರ ಸಹಿ ಬೇಕು, ಅವರು ಬಂದಾಗ ಇವಳಿಗೆ ಬಿಡುವಿಲ್ಲ, ಇವಳು ಕಚೇರಿಗೆ ಹೋದ ದಿನ ಅಲ್ಲಿ ಸಾಹೇಬರಿಲ್ಲ. ಹೀಗೇ ವರ್ಷಗಳು ಹೋಗಿದ್ದವು.

"ಹೊಲ ನಂದಲ್ಲೇನ್ರೀ?" ಎಂದಳು.

"ನಿಮ್ದ ಐತವ್ವ. ಕಾಗದದಾಗ ಇಲ್ಲ" ಎಂದೆ.

ಆ ಮಾತು ಹೇಳಿದ್ದಕ್ಕೆ ಇವತ್ತಿಗೂ ಕಸಿವಿಸಿ ಇದೆ. ಅವಳ ಹೊಲದ ಹಾನಿಯನ್ನು ನಾನು ಬರೆದುಕೊಂಡೆ, ಫೋಟೊ ತೆಗೆದೆ, ಪಟ್ಟಿಗೆ ಸೇರಿಸಲು ಹೋದರೆ ಸತ್ತವನ ಹೆಸರಿಗೆ ಆಧಾರ್ ಎಲ್ಲಿಂದ ತರುವುದು? ಆ ವರ್ಷ ಅವಳಿಗೆ ಒಂದು ರೂಪಾಯಿ ಬರಲಿಲ್ಲ. ನೆರೆಯ ಹೊಲದವನಿಗೆ ಹೆಕ್ಟೇರಿಗೆ 16,800ರ ಲೆಕ್ಕದಲ್ಲಿ ಬಂತು. ಎರಡೂ ಹೊಲದ ನಡುವೆ ಒಂದು ಬದು ಅಷ್ಟೇ.

ಅದೇ ಸುಗ್ಗಿಯಲ್ಲಿ ಮೈದುನರು ಬಂದಾಗ ಮೂವರನ್ನೂ ಒಟ್ಟಿಗೆ ಕೂರಿಸಿ ವಂಶಾವಳಿ ಮಾಡಿಸಿ ಅರ್ಜಿ ಹಾಕಿಸಿದೆ. ಮರಣ ಪ್ರಮಾಣಪತ್ರದ ನಕಲು ಮತ್ತೆ ತೆಗೆಸಿದೆವು. 2021ರ ಕಾರ್ತಿಕದ ಅಕಾಲಿಕ ಮಳೆಗೆ ಅವಳ ಮೆಣಸಿನಕಾಯಿ ಗಿಡದಲ್ಲೇ ಕೊಳೆತಾಗ 8,256 ರೂಪಾಯಿ ಅವಳ ಹೆಸರಿಗೇ ಬಂತು. ದೊಡ್ಡ ಮೊತ್ತವಲ್ಲ. ಆದರೆ ಮೊಬೈಲಿಗೆ ಬಂದ ಸಂದೇಶವನ್ನು ಅವಳು ನನಗೆ ಮೂರು ಸಲ ಓದಿಸಿದಳು.

ವಾರಸಾ ಎನ್ನುವುದು ಊರಲ್ಲಿ ಯಾರಿಗೂ ಅವಸರದ ಕೆಲಸ ಅನ್ನಿಸುವುದಿಲ್ಲ. ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುತ್ತಾರೆ. ಹೊಲ ಓಡುವುದಿಲ್ಲ ನಿಜ, ಪರಿಹಾರ ಮಾತ್ರ ಓಡಿಹೋಗುತ್ತದೆ. ಪಿಎಂ ಕಿಸಾನ್ ಹೋಗುತ್ತದೆ, ಬೆಳೆ ಸಾಲ ಹೋಗುತ್ತದೆ, ವಿಮೆ ಹೋಗುತ್ತದೆ. ಈಗ ಸರ್ಕಾರವೇ ಇ-ಪೌತಿ ಆಂದೋಲನ ನಡೆಸಿ ಸತ್ತವರ ಹೆಸರಿನ ಪಹಣಿಗಳನ್ನು ವಾರಸುದಾರರ ಹೆಸರಿಗೆ ಮಾಡುತ್ತಿದೆ. ತಲಾಟಿ ಬಾಗಿಲಿಗೆ ಬಂದಾಗ ಅಣ್ಣತಮ್ಮಂದಿರ ಜಗಳ ಮುಂದಿಟ್ಟು ವಾಪಸ್ ಕಳಿಸಬೇಡಿ. ಜಂಟಿಯಾಗಿಯಾದರೂ ಬದುಕಿರುವವರ ಹೆಸರು ಬರಲಿ, ಪಾಲು ಆಮೇಲೆ ಮಾಡಿಕೊಳ್ಳಬಹುದು.

3. ಜೀಪಿನಿಂದ ಕಾಣುವುದು ಹಸಿರು

ಹೆಸರು ನಮ್ಮ ಮುಂಗಾರಿನ ಬೆಳೆ. ಮಿರಗದ ಮಳೆಗೆ ಬಿತ್ತಿದರೆ ಶ್ರಾವಣದಲ್ಲಿ ಕಾಯಿ ಬಿಡಿಸಲು ಬರುತ್ತದೆ. ರೈತನ ಕೈಗೆ ವರ್ಷದ ಮೊದಲ ದುಡ್ಡು ಅದೇ. ಕಾಯಿ ಕಪ್ಪಾಗಿ ಒಣಗುವ ಹೊತ್ತಿಗೆ ಮಳೆ ಹಿಡಿದರೆ ಏನಾಗುತ್ತದೆ ಎಂಬುದು ರಸ್ತೆಯಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ಮಳೆಗೆ ಗಿಡ ಮತ್ತೆ ಚಿಗುರುತ್ತದೆ, ಎಲೆ ಹಸಿರಾಗುತ್ತದೆ, ಹೊಸ ಹೂವೂ ಬರುತ್ತದೆ. ದೂರದಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಬೆಳೆ ಇಲ್ಲ ಅನ್ನಿಸುತ್ತದೆ.

ಒಂದು ಸಲ ಮೇಲಿನ ಅಧಿಕಾರಿಯೊಬ್ಬರು ಸಮೀಕ್ಷೆಗೆ ಬಂದಾಗ ಜೀಪು ನಿಲ್ಲಿಸದೆಯೇ, "ಇಲ್ಲಿ ಬೆಳೆ ಚೆನ್ನಾಗಿದೆಯಲ್ಲ" ಎಂದರು. ರಸ್ತೆ ಬದಿಯಲ್ಲಿದ್ದ ಮುದುಕನೊಬ್ಬ ಏನೂ ಮಾತಾಡಲಿಲ್ಲ. ಹೊಲದೊಳಗೆ ಹೋಗಿ ನಾಲ್ಕು ಕಾಯಿ ಕಿತ್ತು ತಂದು ಜೀಪಿನ ಬಾನೆಟ್ ಮೇಲೆ ಇಟ್ಟು ಉಗುರಿನಿಂದ ಸೀಳಿದ. ಒಳಗೆ ಒಂದೊಂದು ಕಾಳೂ ಸಿಪ್ಪೆ ಬಿರಿದು ಬಿಳಿ ಮೊಳಕೆ ಬಿಟ್ಟಿತ್ತು. ಗಿಡದಲ್ಲೇ, ಕಾಯಿಯೊಳಗೇ. ಕೆಲವು ಕಾಳು ಬೂಷ್ಟು ಹಿಡಿದು ಅಂಟಂಟಾಗಿದ್ದವು. ಸಾಹೇಬರು ಕೆಳಗಿಳಿದರು. ಆ ದಿನ ಏಳು ಹೊಲಕ್ಕೆ ಇಳಿದೆವು, ಏಳರಲ್ಲೂ ಅದೇ ಕತೆ.

ಅವತ್ತಿನಿಂದ ನಾನು ಒಂದು ನಿಯಮ ಮಾಡಿಕೊಂಡೆ. ಬದುವಿನ ಮೇಲೆ ನಿಂತು ಹಾನಿ ಬರೆಯುವುದಿಲ್ಲ. ಹೊಲದ ನಡುವೆ ಹೋಗಬೇಕು, ಮೂರು ಕಡೆ ಗಿಡ ಕೀಳಬೇಕು. ಈರುಳ್ಳಿಯಾದರೆ ಗಡ್ಡೆ ಒತ್ತಿ ನೋಡಬೇಕು, ಮೇಲೆ ಗಟ್ಟಿ ಇದ್ದರೂ ಬುಡ ಮೆತ್ತಗಾಗಿದ್ದರೆ ಅದು ವಾರದಲ್ಲಿ ನಾರುತ್ತದೆ. ಗೋವಿನಜೋಳವಾದರೆ ತೆನೆ ಸುಲಿಯಬೇಕು. ಹತ್ತಿಯಾದರೆ ಕಾಯಿ ಒಡೆದು ನೋಡಬೇಕು. ಫೋಟೊ ಕೂಡ ಹಾಗೆಯೇ. ಇಡೀ ಹೊಲದ ಒಂದು ಫೋಟೊ ತೆಗೆದರೆ ಸಾಲದು, ಅಂಗೈ ಮೇಲೆ ಸೀಳಿದ ಕಾಯಿಯ ಫೋಟೊ ಬೇಕು. ರೈತರಿಗೂ ಇದನ್ನೇ ಹೇಳುತ್ತೇನೆ. ಸಮೀಕ್ಷೆಯವರು ಬರುವ ತನಕ ಕಾಯಬೇಡಿ, ಹಾನಿಯಾದ ಮರುದಿನವೇ ನಿಮ್ಮ ಮೊಬೈಲಿನಲ್ಲಿ ತೆಗೆದಿಡಿ.

4. ಮೂವತ್ತಮೂರರ ಗೆರೆ

2015ಕ್ಕೂ ಮೊದಲು ಬೆಳೆ ಶೇ 50ರಷ್ಟು ಹಾಳಾಗಿದ್ದರೆ ಮಾತ್ರ ಪರಿಹಾರ ಇತ್ತು. ಆ ವರ್ಷ ಅದನ್ನು ಶೇ 33ಕ್ಕೆ ಇಳಿಸಿದರು. ಒಳ್ಳೆಯ ಬದಲಾವಣೆ. ಆದರೆ ಗೆರೆ ಗೆರೆಯೇ. ಶೇ 32 ಹಾನಿಗೆ ಸೊನ್ನೆ, ಶೇ 34ಕ್ಕೆ ಪೂರ್ತಿ, ಶೇ 90ಕ್ಕೂ ಅಷ್ಟೇ ದುಡ್ಡು. ಮತ್ತು ಈ ಶೇಕಡಾವನ್ನು ಅಳೆಯುವ ಯಂತ್ರ ಯಾವುದೂ ಇಲ್ಲ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯ ನಾವು ಮೂವರು ಹೊಲದಲ್ಲಿ ನಿಂತು ಕಣ್ಣಂದಾಜಿನಲ್ಲಿ ಹೇಳಿದ್ದೇ ಶೇಕಡಾ. ಹಿಂದಿನವರು ಹದಿನಾರಾಣೆ ಬೆಳೆಗೆ ಎಷ್ಟಾಣೆ ಬಂತು ಎಂದು ಆಣೆವಾರಿ ಹಾಕುತ್ತಿದ್ದರಲ್ಲ, ಅದರ ಮೊಮ್ಮಗ ಇದು.

ಕಣ್ಣಂದಾಜಿಗೆ ಬಿಟ್ಟ ಕೆಲಸದಲ್ಲಿ ಮುಖ ನೋಡಿ ಮಣೆ ಹಾಕುವುದು ಸುಲಭ. ಅದಕ್ಕೇ ನಾನು ಅಕ್ಕಪಕ್ಕದ ರೈತರಿಬ್ಬರನ್ನು ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದೆ, ಅವರ ಎದುರೇ ಅಂದಾಜು ಹೇಳುತ್ತಿದ್ದೆ. ಒಬ್ಬನ ಹೊಲಕ್ಕೆ ನಲವತ್ತು ಹೇಳಿ, ಅಂಥದ್ದೇ ಇನ್ನೊಂದಕ್ಕೆ ಇಪ್ಪತ್ತೈದು ಹೇಳಲು ಆಗ ಬಾಯಿ ಬರುವುದಿಲ್ಲ.

5. ಎಮ್ಮೆ, ಹೂಳು, ಕೊಚ್ಚಿಹೋದ ಮಣ್ಣು

ಪರಿಹಾರ ಎಂದರೆ ಬೆಳೆ ಮಾತ್ರ ಎಂದುಕೊಂಡು ಜನ ಉಳಿದದ್ದನ್ನು ಕೇಳುವುದೇ ಇಲ್ಲ. ಹೊಲದಲ್ಲಿ ಮೂರು ಇಂಚಿಗಿಂತ ಹೆಚ್ಚು ಹೂಳು ಕೂತಿದ್ದರೆ ಅದನ್ನು ತೆಗೆಯಲು 2022ರ ನಿಯಮದಂತೆ ಹೆಕ್ಟೇರಿಗೆ 18,000 ಇದೆ. ಹೊಳೆ ದಿಕ್ಕು ಬದಲಿಸಿ ಭೂಮಿಯನ್ನೇ ಕಿತ್ತುಕೊಂಡು ಹೋದರೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 47,000. ಹೂಳಿನಲ್ಲಿ ಅಳತೆಕೋಲು ನೆಟ್ಟು, ಇಂಚು ಕಾಣುವಂತೆ ಫೋಟೊ ತೆಗೆಯಿರಿ. ರೊಚ್ಚಿಗೆದ್ದು ಮೊದಲೇ ಟ್ರ್ಯಾಕ್ಟರ್ ಹೊಡೆಸಿಬಿಟ್ಟರೆ ಆಮೇಲೆ ಅಳೆಯಲು ಏನೂ ಉಳಿಯುವುದಿಲ್ಲ.

ಅದೇ ನಿಯಮದಲ್ಲಿ ಹಾಲು ಕೊಡುವ ಎಮ್ಮೆ ಅಥವಾ ಆಕಳು ಸತ್ತರೆ 37,500, ಎತ್ತಿಗೆ 32,000, ಕುರಿ ಆಡಿಗೆ 4,000. ಇದಕ್ಕೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ಕಾಗದ ಬೇಕು. ನಮ್ಮ ಜನ ಸತ್ತ ದನವನ್ನು ಹಾಗೆ ಬಿಡುವವರಲ್ಲ, ಅರಿಶಿನ ಕುಂಕುಮ ಹಚ್ಚಿ ಅದೇ ಹೊತ್ತಿಗೆ ಮಣ್ಣು ಮಾಡುತ್ತಾರೆ. ಆ ಭಾವ ನನಗೂ ಗೊತ್ತು. ಆದರೂ ವೈದ್ಯರು ಬರುವ ತನಕ ಅರ್ಧ ದಿನ ತಡೆಯಿರಿ. ಹೊಳೆಯಲ್ಲಿ ತೇಲಿಹೋದ ದನಕ್ಕೆ ಸಾಕ್ಷಿ ಹುಟ್ಟಿಸುವುದು ಬಹಳ ಕಷ್ಟ. ಅದಕ್ಕೇ ನೀರು ಬಿಡುವ ಡಂಗುರ ಕೇಳಿದ ಕೂಡಲೇ ಕಣ್ಣಿ ಬಿಚ್ಚಿ ದನ ಎತ್ತರಕ್ಕೆ ಹೊಡೆಯಿರಿ. ಕಟ್ಟಿದ ಹಗ್ಗದಲ್ಲೇ ಸತ್ತ ದನಗಳನ್ನು 2009ರಲ್ಲಿ ನೋಡಿದ್ದೇನೆ, ಆ ಮಾತು ಬೇಡ.

6. ಒಂದು ಅಕ್ಷರದ ತಪ್ಪು

2009ರ ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಅಕ್ಟೋಬರ್ ಮೊದಲ ವಾರದೊಳಗೆ ಉತ್ತರ ಕರ್ನಾಟಕವನ್ನು ಮುಳುಗಿಸಿತು. ಆಗ ಇನ್ನೂ ಕಾಗದದ ಪಟ್ಟಿ, ಚೆಕ್ಕು. ಹಗಲು ಗಂಜಿಕೇಂದ್ರದ ಕೆಲಸ, ರಾತ್ರಿ ಗ್ಯಾಸ್ ಬತ್ತಿಯಲ್ಲಿ ಪಟ್ಟಿ ಬರೆಯುವುದು. ಒಂದು ಸರ್ವೆ ನಂಬರಿನ ಎರಡು ಹಿಸ್ಸೆ ಅಣ್ಣತಮ್ಮಂದಿರದು, ಒಂದು ಅ, ಇನ್ನೊಂದು ಬ. ನಿದ್ದೆಗಣ್ಣಿನಲ್ಲಿ ನಾನು ಎರಡೂ ಸಾಲಿಗೆ ಅ ಎಂದೇ ಬರೆದೆ. ಅಣ್ಣನ ಹೆಸರಿಗೆ ಎರಡೂ ಹೊಲದ ದುಡ್ಡು ಹೋಯಿತು, ತಮ್ಮನಿಗೆ ಬರಲಿಲ್ಲ.

ಅವರಿಬ್ಬರ ನಡುವೆ ಮೊದಲೇ ಬಾವಿ ನೀರಿನ ವಿಷಯಕ್ಕೆ ಮುನಿಸಿತ್ತು. ಅಣ್ಣ ಬೇಕೆಂದೇ ಬರೆಸಿಕೊಂಡಿದ್ದಾನೆ ಎಂದು ತಮ್ಮ, ತಾನು ಬರೆಸಿಲ್ಲ ಆದರೆ ಬಂದದ್ದು ಕೊಡುವುದಿಲ್ಲ ಎಂದು ಅಣ್ಣ. ಜಗಳ ಕೈಕೈ ಮಿಲಾಯಿಸುವ ತನಕ ಹೋಯಿತು. ತಪ್ಪು ನನ್ನದು ಎಂದು ಇಬ್ಬರ ಮನೆಗೂ ಹೋಗಿ ಹೇಳಿದೆ. ಊರ ಹಿರಿಯರು ನಡುವೆ ಬಂದು ಅಣ್ಣನಿಂದ ದುಡ್ಡು ಕೊಡಿಸಿದರು. ಅವರ ಮಾತು ಮಾತ್ರ ಕೂಡಲಿಲ್ಲ. ಸುಮಾರು ಆರು ವರ್ಷ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ.

ಈಗ ತಂತ್ರಾಂಶ ಬಂದಿದೆ, ಪಹಣಿಯ ವಿಸ್ತೀರ್ಣಕ್ಕಿಂತ ಹೆಚ್ಚು ಬರೆಯಲು ಅದು ಬಿಡುವುದಿಲ್ಲ. ಆದರೂ ಹಿಸ್ಸೆ ತಪ್ಪು ಒತ್ತಬಹುದು, ಬೆಳೆ ತಪ್ಪು ಆರಿಸಬಹುದು, ನೀರಾವರಿಯನ್ನು ಮಳೆಯಾಶ್ರಿತ ಮಾಡಿಬಿಡಬಹುದು. ಕೆಲಸದಲ್ಲಿರುವ ತಮ್ಮಂದಿರಿಗೆ, ತಂಗಿಯರಿಗೆ ಕೈಮುಗಿದು ಹೇಳುತ್ತೇನೆ: ಪಟ್ಟಿ ರಾತ್ರಿ ಹನ್ನೊಂದರ ಮೇಲೆ ತುಂಬಬೇಡಿ. ಮೇಲಿನಿಂದ ಎಷ್ಟೇ ಒತ್ತಡ ಬರಲಿ, ಬೆಳಿಗ್ಗೆ ಎದ್ದು ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ ಕಳಿಸಿ.

7. ಬೆಳೆ ಸಮೀಕ್ಷೆಯ ಹುಡುಗ ಬಂದಾಗ ಹೊಲದಲ್ಲಿರಿ

ಮುಂಗಾರು, ಹಿಂಗಾರು, ಬೇಸಿಗೆ ಎಂದು ವರ್ಷಕ್ಕೆ ಮೂರು ಸಲ ಬೆಳೆ ಸಮೀಕ್ಷೆ ನಡೆಯುತ್ತದೆ. ಊರಿನದೇ ಹುಡುಗರು ಮೊಬೈಲ್ ಹಿಡಿದು ಹೊಲಹೊಲ ತಿರುಗಿ ಬೆಳೆಯ ಫೋಟೊ ತೆಗೆದು ಏರಿಸುತ್ತಾರೆ. ಅದು ಪಹಣಿಗೆ ಹೋಗುತ್ತದೆ, ಪರಿಹಾರಕ್ಕೂ ವಿಮೆಗೂ ಅದೇ ಆಧಾರ. ಹೊಲದಲ್ಲಿ ಈರುಳ್ಳಿ ಇದ್ದು ಸಮೀಕ್ಷೆಯಲ್ಲಿ ಬೀಳು ಎಂದು ಬಂದರೆ, ಹೊಳೆ ಬಂದು ಹೋದ ಮೇಲೆ ಈರುಳ್ಳಿ ಇತ್ತು ಎಂದು ನೀವು ಸಾಧಿಸಲಾರಿರಿ. ಬೆಳೆ ದರ್ಶಕ ಎಂಬ ಆ್ಯಪ್‌ನಲ್ಲಿ ನಿಮ್ಮ ಹೊಲಕ್ಕೆ ಏನು ಬರೆದಿದ್ದಾರೆ ಎಂದು ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು. ಎಸ್ಸೆಸ್ಸೆಲ್ಸಿ ಓದುವ ಮಗಳಿದ್ದರೆ ಐದು ನಿಮಿಷದ ಕೆಲಸ.

ಇದರ ಜೊತೆಗೇ ಒಂದು ಮಾತು. ವಿಮೆ ಬೇರೆ, ಸರ್ಕಾರದ ಪರಿಹಾರ ಬೇರೆ. ಒಂದು ಬಂದರೆ ಇನ್ನೊಂದು ಇಲ್ಲ ಎಂದೇನೂ ಇಲ್ಲ. ಫಸಲ್ ಬಿಮಾದಲ್ಲಿ ಆಲಿಕಲ್ಲು, ಹೊಲ ಜಲಾವೃತವಾಗುವಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ತಲಾಟಿಗೆ ಹೇಳಿದ್ದು ವಿಮೆ ಕಂಪನಿಗೆ ಹೇಳಿದಂತಲ್ಲ.

8. ಯಾವ ಖಾತೆಗೆ ಹೋಯಿತು?

2019ರಲ್ಲಿ ಪಟ್ಟಿಯ ಪ್ರಕಾರ ಎಲ್ಲ ಸರಿಯಿದ್ದ ರೈತನೊಬ್ಬ ತಿಂಗಳುಗಟ್ಟಲೆ ಅಲೆದ. ತಂತ್ರಾಂಶ ದುಡ್ಡು ಜಮೆ ಎನ್ನುತ್ತದೆ, ಪಾಸ್‌ಬುಕ್‌ನಲ್ಲಿ ಇಲ್ಲ. ಅವನು ನನ್ನ ಮೇಲೇ ಸಂಶಯಪಟ್ಟ, ತಪ್ಪೇನಿಲ್ಲ. ಕೊನೆಗೆ ತಿಳಿದದ್ದು, ಎರಡು ವರ್ಷದ ಹಿಂದೆ ಸಂತೆಯಲ್ಲಿ ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿದ್ದ. ಆ ಹೆಬ್ಬೆಟ್ಟಿಗೆ ಅವನಿಗೆ ತಿಳಿಯದಂತೆ ಒಂದು ಮೊಬೈಲ್ ಬ್ಯಾಂಕ್ ಖಾತೆ ತೆರೆದುಕೊಂಡಿತ್ತು, ಆಧಾರ್ ಅದಕ್ಕೇ ಜೋಡಣೆಯಾಗಿತ್ತು. ದುಡ್ಡು ಅಲ್ಲಿ ಬಿದ್ದಿತ್ತು. ಆ ಸಿಮ್ ಯಾವಾಗಲೋ ಕಳೆದುಹೋಗಿತ್ತು.

ಆಧಾರ್ ಆಧಾರಿತ ಪಾವತಿ ಪಾಸ್‌ಬುಕ್ ನೋಡಿ ಹೋಗುವುದಿಲ್ಲ. ಕೊನೆಯದಾಗಿ ಯಾವ ಬ್ಯಾಂಕಿಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ಸಂಘದ ಸಾಲಕ್ಕೆ ಒಂದು ಖಾತೆ, ಉದ್ಯೋಗ ಖಾತರಿಗೆ ಒಂದು, ಗೃಹಲಕ್ಷ್ಮಿಗೆ ಒಂದು ಎಂದು ತೆರೆದವರು ಇದನ್ನು ಬ್ಯಾಂಕಿನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಇನ್ನೊಂದು, ಆಧಾರಿನಲ್ಲಿರುವ ಹೆಸರೂ ಉತಾರದಲ್ಲಿರುವ ಹೆಸರೂ ಹೊಂದಬೇಕು. ಉತಾರದಲ್ಲಿ ತಂದೆಯ ಹೆಸರು ಸೇರಿಸಿ ಉದ್ದಕ್ಕೆ ಬರೆದಿರುತ್ತಾರೆ, ಆಧಾರಿನಲ್ಲಿ ಬರೀ ಕರೆಯುವ ಹೆಸರು. ಯಂತ್ರಕ್ಕೆ ಅವು ಇಬ್ಬರು ಮನುಷ್ಯರು.

9. ಲಾವಣಿ ಹಾಕಿಕೊಂಡವರ ಹೆಸರು ಎಲ್ಲಿಯೂ ಇಲ್ಲ

ಇದಕ್ಕೆ ನನ್ನ ಬಳಿ ಪರಿಹಾರವಿಲ್ಲ, ಆದರೆ ಹೇಳದೆ ಬಿಟ್ಟರೆ ಅನ್ಯಾಯ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಉಳುವವನನ್ನೇ ಒಡೆಯನನ್ನಾಗಿ ಮಾಡಿತು. ಗೇಣಿ ಪದ್ಧತಿಯನ್ನೇ ಮುಚ್ಚಿತು. ಆ ಕಾನೂನು ಲಕ್ಷಾಂತರ ಮನೆಗಳಿಗೆ ಅನ್ನ ಕೊಟ್ಟಿದೆ, ನಮ್ಮ ಮನೆಗೂ. ಆದರೆ ಇವತ್ತು ಊರಲ್ಲಿ ಲಾವಣಿ ಎನ್ನುವ ಗೇಣಿ, ಪಾಲು ಮತ್ತೆ ಬಂದಿವೆ, ಬಾಯಿಮಾತಿನಲ್ಲಿ. ಹೊಲದೊಡೆಯ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ಮುಂಗಡ ಕೊಟ್ಟು ಬಿತ್ತಿದವನು ಊರಲ್ಲಿರುತ್ತಾನೆ. ಕಾನೂನಿನಲ್ಲಿ ಲಾವಣಿಯೇ ಇಲ್ಲವಾದ್ದರಿಂದ ಕಾಗದವೂ ಇಲ್ಲ. ಹೊಳೆ ಬಂದರೆ ಕೊಳೆಯುವುದು ಲಾವಣಿದಾರನ ಬೀಜ, ದುಡ್ಡು ಹೋಗುವುದು ಒಡೆಯನ ಖಾತೆಗೆ.

ಪಟ್ಟಿಯಲ್ಲಿ ನಾನು ಉತಾರದ ಹೆಸರೇ ಬರೆಯಬೇಕಿತ್ತು, ಬರೆದೆ. ಆದರೆ ಒಡೆಯರಿಗೆ ಫೋನ್ ಮಾಡಿ, ಈ ದುಡ್ಡು ನಿಮ್ಮ ಹೊಲ ಬಿತ್ತಿದವನದು, ದಯವಿಟ್ಟು ಅವನಿಗೆ ಕೊಡಿ ಎಂದು ಕೇಳುತ್ತಿದ್ದೆ. ಕೆಲವರು ಕೊಟ್ಟರು. ಒಬ್ಬ ಶಿಕ್ಷಕರು ತಮ್ಮ ಖಾತೆಗೆ ಬಂದ ದಿನವೇ ಅಷ್ಟೂ ಹಣ ಕಳಿಸಿ, ಜೊತೆಗೆ ಆ ವರ್ಷದ ಲಾವಣಿಯನ್ನೂ ಬಿಟ್ಟರು. ಕೆಲವರು ಫೋನ್ ಇಟ್ಟರು.

ಬಿತ್ತಿದವನನ್ನು ಬರೆದುಕೊಳ್ಳುವ ಒಂದು ಸರಳ ದಾರಿ, ಒಡೆಯನ ಹಕ್ಕಿಗೆ ಧಕ್ಕೆ ಬರದಂತೆ, ಆಯಾ ಹಂಗಾಮಿಗೆ ಮಾತ್ರ, ಕಾನೂನಿನಲ್ಲಿ ಆಗಲೇಬೇಕು. ನಿವೃತ್ತನಾದ ಮೇಲೆ ಇದನ್ನು ಎಲ್ಲ ವೇದಿಕೆಯಲ್ಲೂ ಹೇಳುತ್ತಿದ್ದೇನೆ.

10. ಬರಕ್ಕೆ ಸದ್ದಿಲ್ಲ

ಹೊಳೆ ಬಂದರೆ ಮಂತ್ರಿ ಬರುತ್ತಾರೆ, ದೋಣಿ ಬರುತ್ತದೆ, ಟಿವಿ ಬರುತ್ತದೆ. ಬರ ಬಂದರೆ ಯಾರೂ ಬರುವುದಿಲ್ಲ, ಇದ್ದವರೂ ಗುಳೆ ಹೋಗುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಸೆಪ್ಟೆಂಬರ್ 13ರ ಮೊದಲ ಘೋಷಣೆಯಲ್ಲಿ 195 ಇದ್ದವು. ಘೋಷಣೆಗೆ ಮಳೆ ಕೊರತೆ, ಒಣ ವಾರಗಳು, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ ಎಂದು ಹಲವು ಅಳತೆ ತಾಗಬೇಕು, ಆಮೇಲೆ ತಾಲ್ಲೂಕಿನ ಶೇ 10ರಷ್ಟು ಊರುಗಳಲ್ಲಿ ಹೊಲಕ್ಕೆ ಹೋಗಿ ಪರೀಕ್ಷೆ. ಆ ವರ್ಷ ಎಲೆ ಹಸಿರಿತ್ತು, ತೆನೆ ಇರಲಿಲ್ಲ. ಹಸಿರು ಬರ ಎಂಬ ಮಾತು ಆಗ ವಿಧಾನಸೌಧದ ತನಕ ಕೇಳಿಬಂತು. ಜೀಪಿನ ಬಾನೆಟ್ ಮೇಲೆ ಹೆಸರುಕಾಯಿ ಸೀಳಿದ ಮುದುಕ ನನಗೆ ನೆನಪಾದ.

ರಾಜ್ಯ ಕೇಂದ್ರಕ್ಕೆ 18,171 ಕೋಟಿ ಕೇಳಿತು. ತಡವಾದಾಗ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ ಕೊನೆಗೆ 3,454 ಕೋಟಿ ಬಂತು. ಅದಕ್ಕೂ ಮೊದಲು ರಾಜ್ಯ ಸರ್ಕಾರ ಮೊದಲ ಕಂತೆಂದು ರೈತರಿಗೆ 2,000 ರೂಪಾಯಿವರೆಗೆ ಹಾಕಿತ್ತು, ಉಳಿದದ್ದು ಮೇ ತಿಂಗಳಿನಲ್ಲಿ. ಆಗಸ್ಟಿನಲ್ಲಿ ಒಣಗಿದ ಬೆಳೆಗೆ ಮೇನಲ್ಲಿ ದುಡ್ಡು. ಹೆಸರು ಇನ್‌ಪುಟ್ ಸಬ್ಸಿಡಿ, ನಡುವೆ ಹಿಂಗಾರಿನ ಕಡಲೆ, ಬಿಳಿಜೋಳ ಬಿತ್ತುವ ಕಾಲ ಕಳೆದೇ ಹೋಗಿತ್ತು. ಆ ಬಿತ್ತನೆಗೆ ಜನ ಕೈಗಡ ತಂದಿದ್ದರು, ಅದರ ಬಡ್ಡಿಗೇ ಪರಿಹಾರದ ದುಡ್ಡು ಹೋಯಿತು. ತಡವಾಗಿ ಬಂದ ಸಹಾಯ ರೈತನಿಗೆ ಸಹಾಯವಲ್ಲ, ಸಾಲ ಕೊಟ್ಟವನಿಗೆ ಸಹಾಯ. ಯಾವ ಸರ್ಕಾರವಿರಲಿ, ಮೊದಲ ಕಂತು ಬಿತ್ತನೆಯ ಒಳಗೆ ಬರಬೇಕು.

11. ಪಟ್ಟಿಯನ್ನು ಗುಡಿಕಟ್ಟೆಯಲ್ಲಿ ಓದಿ

ತಿಂದವರ ಮಾತು ಮುಂದೆ ಬರುತ್ತದೆ ಎಂದಿದ್ದೆ. ನನ್ನ ಮುಂದೆಯೂ ಸರ್ವೆ ನಂಬರುಗಳ ಚೀಟಿ ಬಂದದ್ದುಂಟು. ಗುಡ್ಡದ ಓರೆಯ, ನೀರು ಕಾಣದ ಮಡ್ಡಿ ಹೊಲಗಳನ್ನು ಹೊಳೆ ಸಾಲಿಗೆ ಸೇರಿಸಿ ಎಂದು ಒತ್ತಾಯ. ಚೀಟಿ ತಂದವರು ಸಣ್ಣವರಲ್ಲ. ಒಬ್ಬನೇ ಕೂತು ಬೇಡ ಎನ್ನುವ ಧೈರ್ಯ ಎಲ್ಲರಿಗೂ ಎಲ್ಲ ದಿನವೂ ಇರುವುದಿಲ್ಲ, ನನಗೂ ಇರಲಿಲ್ಲ. ನನಗೆ ಬಲ ಕೊಟ್ಟದ್ದು ಊರು. ಪಂಚಾಯಿತಿ ಫಲಕಕ್ಕೆ ಪಟ್ಟಿ ಅಂಟಿಸಬೇಕೆಂಬ ನಿಯಮವಿದೆ, ಅಂಟಿಸುತ್ತಾರೆ, ಸಣ್ಣ ಅಕ್ಷರದ ಆ ಹಾಳೆಯನ್ನು ಯಾರೂ ಓದುವುದಿಲ್ಲ. ಅದಕ್ಕೇ ನಾನು ಸಂಜೆ ಹನುಮಂತದೇವರ ಗುಡಿಕಟ್ಟೆಯ ಮೇಲೆ ಕೂತು ಹೆಸರು, ಹೊಲ, ಬೆಳೆ, ಗುಂಟೆ ಗಟ್ಟಿಯಾಗಿ ಓದಲು ಶುರುಮಾಡಿದೆ. ಓದುತ್ತೇನೆ ಎಂದು ಗೊತ್ತಾದ ಮೇಲೆ ಚೀಟಿಗಳು ಕಡಿಮೆಯಾದವು.

ಓದಿದಾಗ ತಪ್ಪೂ ಸಿಗುತ್ತದೆ. "ಅಂವಾ ಈ ವರ್ಷ ಬಿತ್ತೇ ಇಲ್ಲಲ್ರೀ", "ಆ ಹೊಲ ಮಾರಿ ಎರಡು ವರ್ಷಾತು", "ನಮ್ಮ ಕಾಕಾನ ಹೆಸರಽ ಬರಲಿಲ್ಲ" ಎಂದು ಕತ್ತಲಲ್ಲಿ ದನಿಗಳು ಬರುತ್ತವೆ. ಒಂದು ಸಂಜೆಗೆ ಹನ್ನೆರಡು ತಿದ್ದುಪಡಿ ಮಾಡಿದ್ದಿದೆ. ಹೆಂಗಸರು ಕಟ್ಟೆಗೆ ಬರುವುದಿಲ್ಲ, ಅವರಿಗಾಗಿ ಮರುದಿನ ಹಾಲಿನ ಡೇರಿಯ ಮುಂದೆ ಇನ್ನೊಮ್ಮೆ ಓದುತ್ತಿದ್ದೆ. ಬಿಟ್ಟುಹೋದ ಹೆಸರುಗಳು ಹೆಚ್ಚಾಗಿ ಸಿಕ್ಕಿದ್ದು ಅಲ್ಲಿಯೇ.

ಇದನ್ನು ಓದುತ್ತಿರುವವರಲ್ಲಿ ಅನೇಕರು ಊರು ಬಿಟ್ಟು ಪಟ್ಟಣದಲ್ಲಿದ್ದೀರಿ, ಅಪ್ಪ ಅಮ್ಮ ಊರಲ್ಲಿದ್ದಾರೆ. ಈ ಭಾನುವಾರ ಅವರಿಗೆ ಫೋನ್ ಮಾಡಿದಾಗ ಮೂರು ವಿಷಯ ಕೇಳಿ: ಉತಾರ ಈಗ ಯಾರ ಹೆಸರಿನಲ್ಲಿದೆ, ಎಫ್‌ಐಡಿಗೆ ಎಲ್ಲ ಸರ್ವೆ ನಂಬರೂ ಸೇರಿವೆಯೇ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ. ಮೂರರಲ್ಲಿ ಒಂದು ತಪ್ಪಿದ್ದರೂ ಒಂದು ದಿನ ರಜೆ ಹಾಕಿ ಊರಿಗೆ ಹೋಗಿ ಸರಿಮಾಡಿಸಿ. ಮುಂಗಾರು ಜೂನಿನಲ್ಲಿ ಬರುತ್ತದೆ, ಅಷ್ಟರೊಳಗೆ ಮುಗಿಸಿ.